ಬೆನ್ನಿ ಕಾರ್ಟರ್ ಮತ್ತು ನಾಲ್ಕು ಸ್ಯಾಕ್ಸೋಫೋನುಗಳು

ಸ್ಯಾಕ್ಸೋಫೋನ್ ಅಂದ ಕೂಡಲೇ ನಮ್ಮ ಕಡೆಯವರಿಗೆ ನೆನಪಾಗುವ ಹೆಸರು ಕದ್ರಿ ಗೋಪಾಲನಾಥ್. ನಾನು ದಕ್ಷಿಣ ಕನ್ನಡದವನು. ಮದುವೆ ಮನೆಯಲ್ಲಿ, ದೇವಸ್ಥಾನದ ಜಾತ್ರೆಯಲ್ಲಿ ನಾಗಸ್ವರದ ಜಾಗದಲ್ಲಿ ಸ್ಯಾಕ್ಸೋಫೋನ್ ಕೇಳಿಕೊಂಡೇ ಬೆಳೆದವನು. ಇದು ಅಡಾಲ್ಫ್ ಸ್ಯಾಕ್ಸ್ ಎಂಬ ಬೆಲ್ಜಿಯಂನವನು ಮಾಡಿ, 1846ರಲ್ಲಿ ಪ್ಯಾರಿಸ್ಸಿನಲ್ಲಿ ಪೇಟೆಂಟ್ ಪಡೆದ ವಾದ್ಯ ಅಂತ ಶಾಲೆಯಲ್ಲಿ ಯಾರೋ ಹೇಳಿದಾಗ ನಾನು ನಂಬಿರಲೇ ಇಲ್ಲ. ನಮ್ಮ ಮದುವೆ ಮನೆಯ ವಾದ್ಯ ಪ್ಯಾರಿಸ್ಸಿನದ್ದು ಹೇಗಾಗುತ್ತೆ?

ಜಾಝ್ ನನಗೆ ಸಿಕ್ಕಿದ್ದು ಇಂಜಿನಿಯರಿಂಗ್ ಮುಗಿಸಿ ಬೆಂಗಳೂರಿಗೆ ಬಂದ ಮೇಲೆ. ಅದೂ ಸಂಗೀತದ ಮೇಲಿನ ಪ್ರೀತಿಯಿಂದಲ್ಲ, ಆಫೀಸಿನ ಗದ್ದಲ ತಡೆಯೋಕೆ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಚಿತ್ರಗೀತೆ ಕೇಳಿದರೆ ಮನಸ್ಸು ಸಾಹಿತ್ಯದ ಹಿಂದೆ ಹೋಗುತ್ತೆ, ಕೋಡ್ ಅಲ್ಲೇ ಉಳಿಯುತ್ತೆ. ಮಾತಿಲ್ಲದ ಸಂಗೀತ ಹುಡುಕುತ್ತಾ ಹೋದಾಗ ಒಂದು ದಿನ ಸಿಕ್ಕಿದ್ದು 'ಫರ್ದರ್ ಡೆಫಿನಿಷನ್ಸ್' ಅನ್ನೋ ಆಲ್ಬಮ್. ನಿಜ ಹೇಳಬೇಕೆಂದರೆ ಹೆಸರು ನೋಡಿಯೇ ಒತ್ತಿದ್ದು. ಸಿ ಭಾಷೆಯಲ್ಲಿ ಡಿಕ್ಲರೇಷನ್ನಿಗೂ ಡೆಫಿನಿಷನ್ನಿಗೂ ಏನು ವ್ಯತ್ಯಾಸ ಅಂತ ಇಂಟರ್‌ವ್ಯೂಗಳಲ್ಲಿ ಕೇಳಿಸಿಕೊಂಡು ಸುಸ್ತಾದವನಿಗೆ ಆ ಹೆಸರು ತಮಾಷೆಯಾಗಿ ಕಂಡಿತ್ತು :)

ಹಿನ್ನೆಲೆಗೆ ಅಂತ ಹಾಕಿದ್ದು ಹಿನ್ನೆಲೆಯಲ್ಲಿ ಉಳಿಯಲಿಲ್ಲ. ಮೊದಲ ಹಾಡು 'ಹನಿಸಕಲ್ ರೋಸ್'. ನಾಲ್ಕು ಸ್ಯಾಕ್ಸೋಫೋನುಗಳು ಒಟ್ಟಿಗೆ, ಒಂದೇ ಉಸಿರಿನಲ್ಲಿ ಎನ್ನುವ ಹಾಗೆ ನುಡಿಯುತ್ತಿವೆ. ಒಬ್ಬನೇ ಮನುಷ್ಯ ನಾಲ್ಕು ಬಾಯಿಂದ ಊದಿದಂತೆ. ನಾನು ಟೈಪ್ ಮಾಡುವುದು ನಿಲ್ಲಿಸಿ, ಇದು ಯಾರು ಅಂತ ನೋಡಿದೆ. ಬೆನ್ನಿ ಕಾರ್ಟರ್ ತಂಡ, ನ್ಯೂಯಾರ್ಕ್, ನವೆಂಬರ್ 13 ಮತ್ತು 15, 1961. ಕಂಪನಿ ಇಂಪಲ್ಸ್. ಎಂಟು ಹಾಡುಗಳು, ಅರ್ಧ ಗಂಟೆಗಿಂತ ಒಂದಿಷ್ಟು ಜಾಸ್ತಿ.

ಆಮೇಲೆ ಗೊತ್ತಾಯಿತು, ಇದು ಎರಡನೇ ಸಲ ಮಾಡಿದ ಕೆಲಸ. ಮೊದಲನೇ ಸಲ ಮಾಡಿದ್ದು ಇಪ್ಪತ್ನಾಲ್ಕು ವರ್ಷ ಹಿಂದೆ, ಅದೇ ಪ್ಯಾರಿಸ್ಸಿನಲ್ಲಿ.

*

ಬೆನ್ನಿ ಕಾರ್ಟರ್ ಹುಟ್ಟಿದ್ದು 1907ರಲ್ಲಿ, ನ್ಯೂಯಾರ್ಕಿನಲ್ಲಿ. ಹೆಚ್ಚಿನದನ್ನು ತಾನೇ ಕಲಿತವನು. ಹುಡುಗನಾಗಿದ್ದಾಗ ಆಸೆಪಟ್ಟಿದ್ದು ಟ್ರಂಪೆಟ್ಟಿಗೆ. ದುಡ್ಡು ಕೂಡಿಸಿ ಒಂದು ಟ್ರಂಪೆಟ್ ಕೊಂಡು ತಂದ, ಶನಿವಾರ ಭಾನುವಾರ ಊದಿದ, ನುಡಿಸಲು ಬರಲಿಲ್ಲ ಅಂತ ಅಂಗಡಿಗೆ ವಾಪಸ್ಸು ಕೊಟ್ಟು ಸ್ಯಾಕ್ಸೋಫೋನ್ ತಂದ ಅನ್ನೋ ಕಥೆ ಅವನ ಬಗ್ಗೆ ಎಲ್ಲರೂ ಹೇಳುವುದು. (ಎರಡು ದಿನದಲ್ಲಿ ಬರಲಿಲ್ಲ ಅಂತ ಕೈಬಿಟ್ಟ ವಿಷಯಗಳ ಪಟ್ಟಿ ನನ್ನ ಬಳಿಯೂ ಉದ್ದ ಇದೆ, ಆದರೆ ಬದಲಿಗೆ ಏನೂ ತಂದಿಲ್ಲ.) ಮುಂದೆ ಟ್ರಂಪೆಟ್ಟನ್ನೂ ಕಲಿತ, ಚೆನ್ನಾಗಿಯೇ ಕಲಿತ.

1930ರ ಸುಮಾರಿಗೆ ಅವನು ಫ್ಲೆಚರ್ ಹೆಂಡರ್ಸನ್ ತಂಡದಲ್ಲಿದ್ದ. ಆಗ ಅಮೆರಿಕದಲ್ಲಿ ಜಾಝ್ ಅಂದರೆ ಕುಣಿತದ ಸಂಗೀತ. ಹತ್ತು ಹದಿನೈದು ಜನರ ಬ್ಯಾಂಡು, ದೊಡ್ಡ ಹಾಲು, ಕುಣಿಯುವ ಜೋಡಿಗಳು. ಇದೇ ಮುಂದೆ 'ಸ್ವಿಂಗ್' ಅಂತ ಹೆಸರಾಗಿದ್ದು. ಅಷ್ಟು ಜನ ಒಟ್ಟಿಗೆ ನುಡಿಸಬೇಕಾದರೆ ಯಾರು ಎಲ್ಲಿ ಏನು ನುಡಿಸಬೇಕು ಅಂತ ಯಾರಾದರೂ ಬರೆದಿಡಬೇಕಲ್ಲ. ಆ ಬರೆಯುವವನನ್ನು ಅರೇಂಜರ್ ಅಂತಾರೆ. ಕಾರ್ಟರ್ ದೊಡ್ಡ ವಾದಕನಾಗಿದ್ದರ ಜೊತೆಗೆ ಅಷ್ಟೇ ದೊಡ್ಡ ಅರೇಂಜರ್. ಅದರಲ್ಲೂ ಸ್ಯಾಕ್ಸೋಫೋನ್ ಗುಂಪಿಗೆ ಬರೆಯುವುದರಲ್ಲಿ ಅವನದ್ದೇ ಒಂದು ದಾರಿ. ಗುಂಪಿಗೆ ಬರೆಯುವಾಗ ಸಾಮಾನ್ಯವಾಗಿ ಸಾಲುಗಳು ಸರಳವಾಗುತ್ತವೆ, ಕವಾಯತು ಮಾಡಿಸಿದ ಹಾಗೆ. ಕಾರ್ಟರ್ ಹಾಗಲ್ಲ. ಒಬ್ಬ ವಾದಕ ತನಗೆ ತೋಚಿದಂತೆ ಸ್ವಚ್ಛಂದವಾಗಿ ನುಡಿಸುವಾಗ ಬರುವ ತಿರುವುಗಳು, ಎಳೆತಗಳು, ಥಟ್ಟನೆ ಏರುವ ಸ್ವರಗಳು, ಇವನ್ನೆಲ್ಲ ಮೇಲಿನ ಸಾಲಿಗೆ ಬರೆದು, ಅದರ ಕೆಳಗೆ ಉಳಿದ ಮೂವರನ್ನು ಅದೇ ಲಯದಲ್ಲಿ ಜೊತೆಗೆ ಓಡಿಸುತ್ತಿದ್ದ. ನಮ್ಮ ಸಂಗೀತದಲ್ಲಿ ಒಂದು ಸಲಕ್ಕೆ ಒಂದು ಸ್ವರದ ಎಳೆ. ಅವರದ್ದರಲ್ಲಿ ಒಂದೇ ಗಳಿಗೆಗೆ ನಾಲ್ಕು ಬೇರೆ ಬೇರೆ ಸ್ವರ. ಹಾಗಾಗಿ ಕೇಳುವವರಿಗೆ ಸೋಲೋ ಕೇಳಿದ ಹಾಗೂ ಇರುತ್ತೆ, ವೃಂದ ಕೇಳಿದ ಹಾಗೂ ಇರುತ್ತೆ.

ಹೆಂಡರ್ಸನ್ ತಂಡದಲ್ಲೇ ಇದ್ದ ಇನ್ನೊಬ್ಬ ಕೋಲ್ಮನ್ ಹಾಕಿನ್ಸ್. 1904ರಲ್ಲಿ ಹುಟ್ಟಿದವನು, ಕಾರ್ಟರ್‌ಗಿಂತ ಮೂರು ವರ್ಷ ದೊಡ್ಡವನು. ಹಾಕಿನ್ಸ್ ಬರುವ ಮೊದಲು ಟೆನರ್ ಸ್ಯಾಕ್ಸೋಫೋನನ್ನು ಯಾರೂ ಅಷ್ಟು ಗಂಭೀರವಾಗಿ ತೆಗೆದುಕೊಂಡಿರಲಿಲ್ಲ. ಸರ್ಕಸ್ಸಿನಲ್ಲಿ, ಹಾಸ್ಯದ ಆಟಗಳಲ್ಲಿ ವಿಚಿತ್ರ ಸದ್ದು ಮಾಡಲು ಇಟ್ಟುಕೊಳ್ಳುವ ಕೊಳವೆ ಅದು. ಅದಕ್ಕೆ ತುಂಬು ಕಂಠ ಕೊಟ್ಟವನು ಹಾಕಿನ್ಸ್.

ಇಬ್ಬರೂ ಕರಿಯರು. ಇದನ್ನು ಹೇಳದೆ ಮುಂದಿನದು ಅರ್ಥವಾಗುವುದಿಲ್ಲ. ಆಗಿನ ಅಮೆರಿಕದಲ್ಲಿ ಅವರು ಬಿಳಿಯರಿಗೆ ಮಾತ್ರ ಪ್ರವೇಶವಿದ್ದ ಹಾಲಿನಲ್ಲಿ ರಾತ್ರಿಯಿಡೀ ನುಡಿಸಬಹುದಿತ್ತು, ಕೆಲಸ ಮುಗಿದ ಮೇಲೆ ಅದೇ ಊರಿನಲ್ಲಿ ಊಟಕ್ಕೆ, ಮಲಗೋಕೆ ಜಾಗ ಸಿಗುತ್ತಿರಲಿಲ್ಲ. ಬಿಳಿಯರು ಕರಿಯರು ಒಂದೇ ವೇದಿಕೆಯಲ್ಲಿ ಕೂತು ನುಡಿಸುವುದು ಅಪರೂಪ. 1934ರಲ್ಲಿ ಹಾಕಿನ್ಸ್ ಇಂಗ್ಲೆಂಡಿಗೆ ಹೊರಟ, ಕೆಲವೇ ತಿಂಗಳು ಅಂತ ಹೋದವನು ಐದು ವರ್ಷ ಯುರೋಪಿನಲ್ಲೇ ಉಳಿದ. ನಡುವೆ ಜ್ಯಾಕ್ ಹಿಲ್ಟನ್ ತಂಡದ ಜೊತೆ ಜರ್ಮನಿಗೆ ಹೋಗುವುದಿತ್ತು, ನಾಜಿಗಳು ಅವನನ್ನು ಒಳಗೆ ಬಿಡಲಿಲ್ಲ. ಹಾಲೆಂಡಿನಲ್ಲಿ ನಿಂತ. ಕಾರ್ಟರ್ 1935ರಲ್ಲಿ ಪ್ಯಾರಿಸ್ಸಿಗೆ ಬಂದ, 1936ರಲ್ಲಿ ಲಂಡನ್ನಿಗೆ ಹೋಗಿ ಬಿಬಿಸಿಯ ಡ್ಯಾನ್ಸ್ ಬ್ಯಾಂಡಿಗೆ ಅರೇಂಜರ್ ಆದ. ಅಲ್ಲೊಂದು ತಮಾಷೆ ನೋಡಿ. ಹೊರದೇಶದ ವಾದಕರ ಮೇಲೆ ನಿರ್ಬಂಧ ಇದ್ದ ಕಾರಣ ಅವನು ಬ್ಯಾಂಡಿಗೆ ಬರೆಯಬಹುದಿತ್ತು, ಆದರೆ ಅದರಲ್ಲಿ ಕೂತು ನುಡಿಸುವಂತಿರಲಿಲ್ಲ. ವೀಸಾ ನಿಯಮಗಳ ತರ್ಕ ಆಗಲೂ ಈಗಿನ ಹಾಗೆಯೇ ಇತ್ತು.

*

1937ರಲ್ಲಿ ಪ್ಯಾರಿಸ್ಸಿನ ಶಾರ್ಲ್ ದೆಲೊನೇ ಎಂಬ ಜಾಝ್ ಹುಚ್ಚಿನ ಯುವಕ ಜಾಝಿಗೆಂದೇ ಒಂದು ರೆಕಾರ್ಡ್ ಲೇಬಲ್ ಶುರು ಮಾಡಿದ. ಹೆಸರು 'ಸ್ವಿಂಗ್'. ಅದರ ಮೊದಲ ರೆಕಾರ್ಡಿಗೆ ಯಾರು? ಊರಿನಲ್ಲಿ ಹಾಕಿನ್ಸ್ ಇದ್ದಾನೆ, ಕಾರ್ಟರ್ ಇದ್ದಾನೆ. ಏಪ್ರಿಲ್ 28ರಂದು ಎಂಟು ಜನ ಸೇರಿದರು.

ಎರಡು ಆಲ್ಟೋ ಸ್ಯಾಕ್ಸೋಫೋನ್: ಕಾರ್ಟರ್ ಮತ್ತು ಫ್ರಾನ್ಸಿನ ಆಂದ್ರೆ ಎಕ್ಯಾನ್. ಎರಡು ಟೆನರ್: ಹಾಕಿನ್ಸ್ ಮತ್ತು ಫ್ರಾನ್ಸಿನ ಅಲಿಕ್ಸ್ ಕೊಂಬೆಲ್. ಗಿಟಾರಿಗೆ ಜಾಂಗೋ ರೈನ್‌ಹಾರ್ಟ್. ಅಲೆಮಾರಿ ರೋಮಾ ಜನಾಂಗದವನು, ಬಂಡಿಮನೆಗೆ ಬೆಂಕಿ ಬಿದ್ದು ಎಡಗೈಯ ಎರಡು ಬೆರಳು ಊನವಾದ ಮೇಲೆ ಉಳಿದ ಬೆರಳುಗಳಲ್ಲೇ ಹೊಸದಾಗಿ ಗಿಟಾರ್ ಕಲಿತವನು. ಪಿಯಾನೋಗೆ ಸ್ಟೆಫಾನ್ ಗ್ರಪೆಲ್ಲಿ. ಪಿಟೀಲಿನಲ್ಲಿ ಜಗತ್ತೇ ಬಲ್ಲ ಹೆಸರು, ಆದರೆ ಆ ದಿನ ಪಿಟೀಲು ಮುಟ್ಟಲಿಲ್ಲ. ಬೇಸ್‌ಗೆ ಯೂಜೀನ್ ದೆಲ್ಲೆಮ್, ಡ್ರಮ್ಸ್‌ಗೆ ಅಮೆರಿಕದ ಟಾಮಿ ಬೆನ್‌ಫೋರ್ಡ್. ಅಮೆರಿಕದ ಮೂವರು ಕರಿಯರು, ಯುರೋಪಿನ ಐವರು. ಇವರು ಒಂದು ಕೋಣೆಯಲ್ಲಿ ಸೇರಬೇಕಾದರೆ ಮೂವರು ಅಟ್ಲಾಂಟಿಕ್ ದಾಟಿ ಬರಬೇಕಾಯಿತು ಅನ್ನೋದನ್ನು ಮರೆಯಬೇಡಿ.

ನಾಲ್ಕು ಹಾಡು ಮುದ್ರಿಸಿದರು. ಅದರಲ್ಲಿ 'ಹನಿಸಕಲ್ ರೋಸ್' ಮತ್ತು 'ಕ್ರೇಜಿ ರಿದಮ್' ಎರಡಕ್ಕೆ ಕಾರ್ಟರ್ ನಾಲ್ಕು ಸ್ಯಾಕ್ಸೋಫೋನುಗಳ ಸಾಲು ಬರೆದುಕೊಂಡು ಬಂದಿದ್ದ. ('ಔಟ್ ಆಫ್ ನೋವೇರ್' ಅನ್ನೋ ಹಾಡಿನಲ್ಲಿ ಅವನು ನುಡಿಸಿದ್ದು ಟ್ರಂಪೆಟ್! ಅಂಗಡಿಯವನಿಗೆ ಕೇಳಿಸಬೇಕಿತ್ತು.) 'ಕ್ರೇಜಿ ರಿದಮ್' ಹೀಗೆ ಸಾಗುತ್ತೆ: ಮೊದಲು ಎಲ್ಲರೂ ಸೇರಿ ಬರೆದಿದ್ದನ್ನು ನುಡಿಸುತ್ತಾರೆ. ಆಮೇಲೆ ಒಬ್ಬೊಬ್ಬರಿಗೆ ಒಂದೊಂದು ಸುತ್ತು. ಎಕ್ಯಾನ್, ಕೊಂಬೆಲ್, ಕಾರ್ಟರ್, ಕೊನೆಗೆ ಹಾಕಿನ್ಸ್. ಫ್ರೆಂಚರಿಬ್ಬರೂ ಚೆನ್ನಾಗಿಯೇ ನುಡಿಸಿದ್ದಾರೆ, ಆದರೆ ಪಾಪ, ಹಾಕಿನ್ಸ್ ಮುಂದೆ ಯಾರು? ಅವನ ಸುತ್ತು ಮುಗಿಯುತ್ತಿದ್ದಂತೆ ಹಿಂದಿನಿಂದ ಒಬ್ಬರು 'ಗೋ ಆನ್, ಗೋ ಆನ್' ಅಂತ ಕೂಗುವುದು ಕೇಳುತ್ತೆ. ಅದು ಜಾಂಗೋ ಅಂತ ಹೇಳುತ್ತಾರೆ. ಹಾಕಿನ್ಸ್ ನಿಲ್ಲಿಸದೆ ಮತ್ತೊಂದು ಸುತ್ತಿಗೆ ನುಗ್ಗುತ್ತಾನೆ. ಮೂರು ನಿಮಿಷದ ತಟ್ಟೆಯಲ್ಲಿ ಅದಕ್ಕೆ ಜಾಗ ಎಲ್ಲಿತ್ತೋ!

'ಸ್ವಿಂಗ್' ಲೇಬಲ್ಲಿನ ಒಂದನೇ ನಂಬರಿನ ತಟ್ಟೆಯಾಗಿ ಈ ಎರಡು ಹಾಡುಗಳೇ ಬಂದವು.

ಅದೇ ವರ್ಷದ ಬೇಸಿಗೆಯಲ್ಲಿ ಕಾರ್ಟರ್ ಹಾಲೆಂಡಿನ ಕಡಲತೀರದ ಒಂದು ಊರಿನಲ್ಲಿ ಹಲವು ದೇಶಗಳ, ಎರಡೂ ಬಣ್ಣದ ವಾದಕರಿದ್ದ ಬ್ಯಾಂಡ್ ಕಟ್ಟಿದ. 1938ರಲ್ಲಿ ಅವನೂ, 1939ರ ಜುಲೈನಲ್ಲಿ ಹಾಕಿನ್ಸೂ ಅಮೆರಿಕಕ್ಕೆ ವಾಪಸ್ಸಾದರು. ಯುರೋಪಿನಲ್ಲಿ ಏನು ಕಾದಿತ್ತು ಅಂತ ಎಲ್ಲರಿಗೂ ಗೊತ್ತಿರುವುದೇ.

*

ಇಲ್ಲಿ ಒಂದು ತಾರೀಖು ಹೇಳಬೇಕು. ಅಕ್ಟೋಬರ್ 11, 1939. ವಾಪಸ್ಸು ಬಂದು ಮೂರೇ ತಿಂಗಳಿಗೆ ಹಾಕಿನ್ಸ್ ಸ್ಟುಡಿಯೋಗೆ ಹೋಗಿ 'ಬಾಡಿ ಅಂಡ್ ಸೋಲ್' ನುಡಿಸಿದ. (ಸರಿಯಾಗಿ ಎಂಬತ್ತು ವರ್ಷಕ್ಕೆ, 2019ರ ಅಕ್ಟೋಬರ್ 11ರಂದೇ ಕದ್ರಿಯವರು ತೀರಿಕೊಂಡರು. ಸುಮ್ಮನೆ ಕಾಕತಾಳೀಯ, ಆದರೂ ನನಗೆ ಮರೆಯೋಕೆ ಆಗಿಲ್ಲ.)

ಅದು ಜಾನಿ ಗ್ರೀನ್ ರಾಗ ಹಾಕಿದ, 1930ರ ಒಂದು ಪ್ರೇಮಗೀತೆ. ಹಾಕಿನ್ಸ್ ಮೊದಲ ಕೆಲವು ಬಾರ್ ಮಾತ್ರ ಮೂಲ ಧಾಟಿಯ ಹತ್ತಿರ ಇರುತ್ತಾನೆ. ಆಮೇಲೆ ಹಾಡನ್ನು ಬಿಟ್ಟೇ ಬಿಡುತ್ತಾನೆ. ಹಾಡಿನ ಕೆಳಗಿರುವ ಕಾರ್ಡುಗಳು, ಅಂದರೆ ಒಟ್ಟಿಗೆ ಮೊಳಗುವ ಸ್ವರಗಳ ಗುಂಪುಗಳಿವೆಯಲ್ಲ, ಅವುಗಳ ಮೇಲೆ ಹತ್ತಿಕೊಂಡು ಎರಡು ಪೂರ್ತಿ ಸುತ್ತು, 64 ಬಾರ್, ತನ್ನದೇ ಹೊಸ ಹಾಡು ಕಟ್ಟುತ್ತಾನೆ. ಮೂರು ನಿಮಿಷ. ಮೂಲ ಹಾಡನ್ನು ಇಷ್ಟು ಕಡಿಮೆ ಮುಟ್ಟಿದ ರೆಕಾರ್ಡು ಜನಕ್ಕೆ ಹಿಡಿಸುತ್ತೆ ಅಂತ ಯಾರೂ ಅಂದುಕೊಂಡಿರಲಿಕ್ಕಿಲ್ಲ. ಹಿಡಿಸಿತು. ಎಷ್ಟು ಅಂದರೆ ಆ ಮೇಲೆ ಮೂವತ್ತು ವರ್ಷ, ಅಂದರೆ ಸಾಯುವವರೆಗೂ, ಹಾಕಿನ್ಸ್ ಎಲ್ಲಿ ಹೋದರೂ ಜನ ಕೇಳಿದ್ದು ಅದನ್ನೇ.

ಯೋಚಿಸಿದರೆ ಇದೊಂದು ಶಿಕ್ಷೆಯೇ. ಆ ಹೊತ್ತಿಗೆ ತೋಚಿದ್ದನ್ನು ನುಡಿಸುವುದೇ ಅವನ ಕಸುಬು, ಅವತ್ತು ತೋಚಿದ್ದನ್ನೇ ಜನ ಬಾಯಿಪಾಠ ಮಾಡಿಕೊಂಡು ಮತ್ತೆ ಕೇಳುತ್ತಿದ್ದಾರೆ. ಹಾಕಿನ್ಸ್ ಹಳೆಯದಕ್ಕೆ ಅಂಟಿಕೊಳ್ಳುವ ಜಾಯಮಾನದವನೂ ಅಲ್ಲ. 1944ರಲ್ಲಿ ಬೀಬಾಪ್ ಅನ್ನೋ ಹೊಸ ಶೈಲಿಯ ಹುಡುಗರನ್ನು ಓರಗೆಯವರು ಗೇಲಿ ಮಾಡುತ್ತಿದ್ದಾಗ ಇವನು ಡಿಜ್ಜಿ ಗಿಲೆಸ್ಪಿಯನ್ನು ಕರೆಸಿ ರೆಕಾರ್ಡ್ ಮಾಡಿದ. ಥೆಲೋನಿಯಸ್ ಮಾಂಕ್ ಅನ್ನೋ ವಿಚಿತ್ರ ಪಿಯಾನಿಸ್ಟನ್ನು ತನ್ನ ತಂಡಕ್ಕೆ ಸೇರಿಸಿಕೊಂಡ, ಬೇರೆ ಯಾರೂ ಅವನಿಗೆ ಕೆಲಸ ಕೊಡದ ಕಾಲದಲ್ಲಿ.

ಕಾರ್ಟರ್ ಕಥೆ ಬೇರೆ. ಅವನು ನಲವತ್ತರ ದಶಕದ ಮೊದಲಲ್ಲಿ ಲಾಸ್ ಏಂಜಲೀಸ್ ಸೇರಿ ಸಿನಿಮಾಗಳಿಗೆ, ಆಮೇಲೆ ಟೀವಿಗೆ ಸಂಗೀತ ಬರೆಯುತ್ತಾ ಕೂತ. ಒಳ್ಳೆ ಸಂಪಾದನೆ, ಹೆಸರು ಕಡಿಮೆ. ಆ ಊರಿನಲ್ಲಿ ಸಂಗೀತಗಾರರ ಯೂನಿಯನ್ನುಗಳೇ ಎರಡು. ಬಿಳಿಯರದ್ದು 47ನೇ ನಂಬರು, ಕರಿಯರದ್ದು 767. ಸ್ಟುಡಿಯೋದ ಒಳ್ಳೊಳ್ಳೆ ಕೆಲಸಗಳೆಲ್ಲ ಮೊದಲನೆಯದರ ಪಾಲು. ಎರಡನ್ನೂ ಒಂದು ಮಾಡಬೇಕು ಅಂತ ಓಡಾಡಿದವರಲ್ಲಿ ಕಾರ್ಟರ್ ಮುಖ್ಯನಾದವನು. 1953ರಲ್ಲಿ ಒಂದಾದವು. ಸ್ಯಾಕ್ಸೋಫೋನ್ ಬಗ್ಗೆ ಬರೆಯುವವರು ಇದನ್ನು ಅಡಿಟಿಪ್ಪಣಿಯ ಹಾಗೆ ಹೇಳಿ ಮುಂದೆ ಹೋಗುತ್ತಾರೆ. ನನಗೇನೋ 1961ರ ಆಲ್ಬಮ್ಮಿನ ಬೇರು ಇಲ್ಲೂ ಇದೆ ಅನ್ನಿಸುತ್ತೆ. ಬೇರೆ ಬೇರೆ ಕಡೆಯವರನ್ನು ಒಂದು ಸಾಲಿನಲ್ಲಿ ಕೂರಿಸೋದು ಅವನು ಹಾಳೆಯ ಮೇಲೂ ಮಾಡಿದ, ಹೊರಗೂ ಮಾಡಿದ.

*

ಈಗ 1961ರ ನವೆಂಬರ್. ಇಂಪಲ್ಸ್ ಶುರುವಾಗಿ ಹೆಚ್ಚು ದಿನವಾಗಿಲ್ಲ. ಆಲ್ಬಮ್ಮುಗಳನ್ನು ಮಾಡಿಸುವ ಕೆಲಸಕ್ಕೆ ಬಾಬ್ ಥೀಲ್ ಹೊಸದಾಗಿ ಬಂದಿದ್ದಾನೆ. ಅದೇ ತಿಂಗಳ ಮೊದಲ ವಾರ ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್ ಕ್ಲಬ್ಬಿನಲ್ಲಿ ಜಾನ್ ಕೊಲ್ಟ್ರೇನನ ಕಛೇರಿಗಳನ್ನು ಮುದ್ರಿಸಿದ್ದು ಇದೇ ಕಂಪನಿ, ಇದೇ ಥೀಲ್. ಅದರಲ್ಲಿನ 'ಚೇಸಿಂಗ್ ದ ಟ್ರೇನ್' ಹದಿನಾರು ನಿಮಿಷ, ಎಲ್‌ಪಿಯ ಒಂದು ಇಡೀ ಬದಿ, ಬಹುಪಾಲು ಒಬ್ಬನದ್ದೇ ಸ್ಯಾಕ್ಸೋಫೋನ್, ನಿಲ್ಲದ ಪ್ರವಾಹ. ಅದರಲ್ಲಿ ಬೇಸ್ ನುಡಿಸಿದ ಜಿಮ್ಮಿ ಗ್ಯಾರಿಸನ್, 27 ವರ್ಷದ ಹುಡುಗ, ಎರಡು ವಾರ ಕಳೆಯುವ ಮೊದಲೇ ಬಂದು ಕೂತಿದ್ದು ಬೆನ್ನಿ ಕಾರ್ಟರ್ ಹಿಂದೆ!

ಸ್ಯಾಕ್ಸೋಫೋನಿನ ಭವಿಷ್ಯ ಎಲ್ಲಿದೆ ಅಂತ ಆ ತಿಂಗಳು ಯಾರನ್ನು ಕೇಳಿದ್ದರೂ ವ್ಯಾನ್‌ಗಾರ್ಡ್ ಕಡೆ ಬೆರಳು ತೋರಿಸುತ್ತಿದ್ದರು. ಕಾರ್ಟರ್‌ಗೆ 54. ಹಾಕಿನ್ಸ್‌ಗೆ 57 ತುಂಬಲು ಒಂದು ವಾರ ಬಾಕಿ. ಹಳೆಯ ತಲೆಗಳು ಹಳೆಯ ರೆಕಾರ್ಡನ್ನು ಮತ್ತೆ ಮಾಡುತ್ತಿವೆ ಅಂದರೆ ಏನನ್ನಿಸುತ್ತೆ? ಸಿನಿಮಾದವರು ಹಿಟ್ ಪಿಕ್ಚರಿನ ಹೆಸರಿಗೆ ಎರಡು ಅಂತ ಸೇರಿಸಿ ಬಿಡುಗಡೆ ಮಾಡುತ್ತಾರಲ್ಲ, ಆ ಥರ. ನಾನೂ ಹಾಗೆ ಅಂದುಕೊಂಡೇ 1937ರದ್ದನ್ನು ಪಕ್ಕದಲ್ಲಿಟ್ಟುಕೊಂಡು ಕೇಳಿದ್ದು.

ವಾದ್ಯಗಳು ಅವೇ. ಎರಡು ಆಲ್ಟೋ, ಎರಡು ಟೆನರ್, ಗಿಟಾರ್, ಪಿಯಾನೋ, ಬೇಸ್, ಡ್ರಮ್ಸ್. ಹಾಡುಗಳಲ್ಲಿ ಎರಡು ಅವೇ. ಮನುಷ್ಯರಲ್ಲಿ ಇಬ್ಬರು ಮಾತ್ರ ಅವರೇ. ಜಾಂಗೋ 1953ರಲ್ಲೇ ತೀರಿಕೊಂಡಿದ್ದ. ಎಕ್ಯಾನನ ಕುರ್ಚಿಯಲ್ಲಿ ಫಿಲ್ ವುಡ್ಸ್, 30 ವರ್ಷ, ಬಿಳಿಯ, ಚಾರ್ಲಿ ಪಾರ್ಕರ್‌ನನ್ನು ಕೇಳಿ ಬೆಳೆದವನು. ಕೊಂಬೆಲನ ಕುರ್ಚಿಯಲ್ಲಿ ಚಾರ್ಲಿ ರೌಸ್, ಆಗ ಮಾಂಕನ ತಂಡದಲ್ಲಿದ್ದವನು. ಹಾಕಿನ್ಸ್ ಎಂದೋ ಕೆಲಸ ಕೊಟ್ಟ ಅದೇ ಮಾಂಕ್. ಪಿಯಾನೋ ಡಿಕ್ ಕಾಟ್ಜ್, ಗಿಟಾರ್ ಜಾನ್ ಕಾಲಿನ್ಸ್. ಡ್ರಮ್ಸ್ ಜೋ ಜೋನ್ಸ್, ಕೌಂಟ್ ಬೇಸಿ ತಂಡದ ಹಳೇ ಹುಲಿ. ಕರಿಯರು ಬಿಳಿಯರು ಸೇರಿದ ತಂಡ, ಈ ಸಲ ಯಾರೂ ಸಮುದ್ರ ದಾಟಬೇಕಾಗಲಿಲ್ಲ.

ಬಾಯಿಗೆ ಬಂದಷ್ಟು ಹೊತ್ತು ನುಡಿಸಲು ಈಗ ಎಲ್‌ಪಿ ಇದೆ, ಟೇಪ್ ಇದೆ, ಮೂರು ನಿಮಿಷದ ಕಟ್ಟಳೆ ಇಲ್ಲ. ಆದರೂ ಕಾರ್ಟರ್ ಹಾಡುಗಳನ್ನು ಉದ್ದ ಮಾಡಲಿಲ್ಲ. ಹೆಚ್ಚಿನವು ನಾಲ್ಕು ನಿಮಿಷದ ಆಸುಪಾಸು. ಮೆಮೊರಿ ಅಗ್ಗವಾದ ಮೇಲೂ ಪ್ರೋಗ್ರಾಮನ್ನು ಚಿಕ್ಕದಾಗಿ ಬರೆಯುವ ಹಳೆಯ ಕಾಲದವರಿದ್ದಾರಲ್ಲ, ಅವರ ನೆನಪಾಯಿತು. ನಾಲ್ವರ ಧ್ವನಿಯೂ ನಾಲ್ಕು ಥರ. ಕಾರ್ಟರ್‌ದು ಇಸ್ತ್ರಿ ಮಾಡಿದ ಬಟ್ಟೆ, ಒಂದು ಸುಕ್ಕಿಲ್ಲ. ವುಡ್ಸ್‌ದು ಚೂಪು, ಬಿಸಿ. ರೌಸ್ ಒಣಕಲು, ಮಾತು ತುಂಡು ತುಂಡು. ಹಾಕಿನ್ಸ್ ಈಗ ಮೊದಲಿನ ರೇಷ್ಮೆಯಲ್ಲ, ಒರಟು, ಅಲ್ಲಲ್ಲಿ ಗುರುಗುಟ್ಟುತ್ತಾನೆ. ಒಟ್ಟಿಗೆ ಬರೆದದ್ದನ್ನು ನುಡಿಸುವಾಗ ಈ ನಾಲ್ವರೂ ಒಬ್ಬನಾಗುತ್ತಾರೆ, ಬಿಡಿಯಾಗಿ ಬಂದ ಮರುಕ್ಷಣ ಬೇರೆಯಾಗುತ್ತಾರೆ. ನನಗೆ ಇಡೀ ಆಲ್ಬಮ್ಮಿನ ಸುಖ ಈ ಹೋಗಿಬರುವುದರಲ್ಲಿದೆ.

*

ಆರನೇ ಹಾಡು 'ಬಾಡಿ ಅಂಡ್ ಸೋಲ್'. ಇಷ್ಟೆಲ್ಲ ಬರೆದದ್ದು ಇದನ್ನು ಹೇಳೋಕೆ.

ಕಾರ್ಟರ್ ಏನು ಮಾಡಿದ್ದಾನೆ ಗೊತ್ತೇ? ನಾಲ್ಕು ಸ್ಯಾಕ್ಸೋಫೋನಿಗೆ ಜಾನಿ ಗ್ರೀನನ ಹಾಡನ್ನು ಬರೆಯಲಿಲ್ಲ. 1939ರಲ್ಲಿ ಹಾಕಿನ್ಸ್ ಆ ಹೊತ್ತಿಗೆ ತೋಚಿದಂತೆ ನುಡಿಸಿದ್ದನ್ನು, ಅದರ ಮೊದಲ ಭಾಗವನ್ನು, ಮೇಲಿನ ಸಾಲಾಗಿ ಇಟ್ಟುಕೊಂಡು ಅದಕ್ಕೆ ಉಳಿದ ಮೂರು ಸಾಲು ಹೊಸೆದ. ನಮ್ಮ ಸಂಗೀತದ ಮಾತಿನಲ್ಲಿ ಹೇಳುವುದಾದರೆ, ಒಬ್ಬ ವಿದ್ವಾಂಸರು ಒಂದು ಸಂಜೆ ಕಲ್ಪನಾಸ್ವರ ಹಾಕಿದರು, ಇಪ್ಪತ್ತೆರಡು ವರ್ಷದ ಮೇಲೆ ಅದನ್ನೇ ಇನ್ನೊಬ್ಬರು ಚಿಟ್ಟೆಸ್ವರ ಮಾಡಿ ಕೃತಿಗೆ ಸೇರಿಸಿದರು. ಮನೋಧರ್ಮ ಪಾಠವಾಯಿತು. ಹಾಗೆ ಮಾಡಿ, ಆ ಪಾಠ ನುಡಿಸುವ ನಾಲ್ವರ ಸಾಲಿನಲ್ಲಿ ಆ ವಿದ್ವಾಂಸರನ್ನೇ ಕೂರಿಸಿದರು!

ಹಾಕಿನ್ಸ್ ಮುಂದೆ ಸ್ಟ್ಯಾಂಡಿನ ಮೇಲೆ ಹಾಳೆ. ಹಾಳೆಯಲ್ಲಿರುವುದು ಅವನೇ, 34 ವರ್ಷದವನಿದ್ದಾಗಿನ ಅವನು. ಪಕ್ಕದ ವುಡ್ಸ್, ರೌಸ್ ಇಬ್ಬರೂ ಆ ರೆಕಾರ್ಡು ಬಂದಾಗ ಹುಡುಗರು.

ಇಲ್ಲಿ ನನ್ನದೊಂದು ವಿಷಯ ಹೇಳಬೇಕು. ಹಿಂದೆ ಕೆಲಸ ಮಾಡುತ್ತಿದ್ದ ಕಡೆ ಒಂದು ಹಳೆಯ ಮಾಡ್ಯೂಲನ್ನು ಹೊಸದಾಗಿ ಬರೆಯುವ ಕೆಲಸ ನಮ್ಮ ಟೀಮಿಗೆ ಬಂತು. ಹತ್ತು ಹನ್ನೆರಡು ವರ್ಷ ಹಳೆಯದು. ಮೀಟಿಂಗಿನಲ್ಲಿ ಪರದೆಯ ಮೇಲೆ ಕೋಡ್ ಹಾಕಿಕೊಂಡು ಒಂದೊಂದೇ ಫಂಕ್ಷನ್ ತೋರಿಸುತ್ತಾ ನಾನು ತಮಾಷೆ ಮಾಡುತ್ತಿದ್ದೆ. ಎಲ್ಲರೂ ನಗುತ್ತಿದ್ದರು. 'ಇದನ್ನ ಬರೆದವರು ಆವತ್ತು ಊಟ ಮಾಡಿರಲಿಲ್ಲ ಅನ್ಸುತ್ತೆ' ಅಂದೆ. ಬರೆದವರು ಹಿಂದಿನ ಸಾಲಿನಲ್ಲೇ ಕೂತಿದ್ದರು. ಬೇರೆ ಪ್ರಾಜೆಕ್ಟಿನ ಹಿರಿಯರು, ನಮಗೆ ಸಹಾಯಕ್ಕೆ ಅಂತ ಬಂದವರು. ನನಗೆ ಗೊತ್ತಿರಲಿಲ್ಲ. ಅವರು ಸಿಟ್ಟಾಗಲಿಲ್ಲ, ಸಮರ್ಥನೆಯನ್ನೂ ಕೊಡಲಿಲ್ಲ. ಕನ್ನಡಕ ಸರಿ ಮಾಡಿಕೊಂಡು ಸ್ವಲ್ಪ ಹೊತ್ತು ಪರದೆ ಓದಿದರು. 'ಈಗ ಬರೆದ್ರೆ ನಾನೂ ಹೀಗೆ ಬರೆಯಲ್ಲ. ಆ ಮೂರನೇ ಸಾಲಿನ ಚೆಕ್ ಮಾತ್ರ ತೆಗೀಬೇಡಿ, ಅದಕ್ಕೆ ನಾನು ಎರಡು ರಾತ್ರಿ ಕೂತಿದ್ದೆ' ಅಂದರು. ಅಷ್ಟೇ. ಆಮೇಲೆ ಎರಡು ವಾರ ನಮ್ಮ ಜೊತೆ ಕೂತು ಅದನ್ನೆಲ್ಲ ಒಡೆದು ಕಟ್ಟಿದರು. ನಾನು ಅವರ ಹತ್ತಿರ ಇವತ್ತಿಗೂ ಕ್ಷಮೆ ಕೇಳಿಲ್ಲ.

ಹಾಕಿನ್ಸ್ 'ಬಾಡಿ ಅಂಡ್ ಸೋಲ್'ನಲ್ಲಿ ತನ್ನ ಸರದಿ ಬಂದಾಗ ಹಳೆಯದನ್ನು ಮತ್ತೆ ನುಡಿಸುವುದಿಲ್ಲ. ಹಳೆಯದನ್ನು ತಮ್ಮೆಲ್ಲರಿಗೂ ಸೇರಿದ ಹಾಡು ಅನ್ನೋ ಹಾಗೆ ಸಾಲಿನಲ್ಲಿ ಕೂತು ನುಡಿಸಿಬಿಟ್ಟಿದ್ದಾನೆ, ಇನ್ನು ಅದರ ಹಂಗಿಲ್ಲ. ಕಾರ್ಟರ್ ಗೆಳೆಯನಿಗೆ ಕೊಟ್ಟಿದ್ದು ಇದು ಅಂತ ನನಗೆ ಅನ್ನಿಸುತ್ತೆ. ಜನ ಕಾಯುತ್ತಿರುವ ಆ ಸೋಲೋವನ್ನು ಹಾಡಿನ ಒಳಗೇ ಸೇರಿಸಿ ಅವನ ಹೆಗಲಿನಿಂದ ಇಳಿಸಿಬಿಟ್ಟ. ತಾನೇ ನಾಯಕನಾದ ಆಲ್ಬಮ್ಮಿನಲ್ಲಿ, ನಡುಮನೆಯಲ್ಲಿ ಇನ್ನೊಬ್ಬನ ಫೋಟೋ ತೂಗುಹಾಕಿದ ಹಾಗೆ.

ಇದು ನನ್ನ ಊಹೆ, ಕಾರ್ಟರ್ ಹಾಗೆ ಹೇಳಿದ್ದಾನೆ ಅಂತ ಅಲ್ಲ. ಇದೇ ಕೆಲಸವನ್ನು ಎಪ್ಪತ್ತರ ದಶಕದಲ್ಲಿ 'ಸೂಪರ್‌ಸ್ಯಾಕ್ಸ್' ಅನ್ನೋ ತಂಡ ಚಾರ್ಲಿ ಪಾರ್ಕರ್‌ನ ಸೋಲೋಗಳಿಗೆ ಮಾಡಿತು, ಹೆಸರೂ ಮಾಡಿತು. ಪಾರ್ಕರ್ ತೀರಿಕೊಂಡು ಆಗ ಬಹಳ ವರ್ಷವಾಗಿತ್ತು. ಅಸಾಧ್ಯ ಕೈಚಳಕ ಅವರದ್ದು, ಆದರೆ ನನಗೆ ಅದು ಮ್ಯೂಸಿಯಮ್ಮಿನ ಥರ ಕೇಳುತ್ತೆ. ಪಾಠದ ಮೂಲಪುರುಷ ಸಾಲಿನಲ್ಲಿ ಕೂತಿರುವುದಕ್ಕೂ ಗೋಡೆಯ ಮೇಲಿರುವುದಕ್ಕೂ ವ್ಯತ್ಯಾಸ ಇದ್ದೇ ಇದೆ.

ಉಳಿದ ಹಾಡುಗಳ ಬಗ್ಗೆ ಚುಟುಕಾಗಿ. 'ಕಾಟನ್ ಟೇಲ್' ಡ್ಯೂಕ್ ಎಲಿಂಗ್ಟನ್ನನದು, 1940ರದ್ದು. ಅದರ ಮೂಲ ರೆಕಾರ್ಡಿನ ಸ್ಯಾಕ್ಸೋಫೋನ್ ಗುಂಪಿನ ಸಾಲು ಬೆನ್ ವೆಬ್‌ಸ್ಟರ್ ಬರೆದಿದ್ದು ಅಂತ ಪ್ರತೀತಿ. ಕಾರ್ಟರ್‌ಗೆ ಅದರ ಮೇಲೆ ಕಣ್ಣಿದ್ದುದರಲ್ಲಿ ಆಶ್ಚರ್ಯವಿಲ್ಲ. 'ಚೆರಿ' ಡಾನ್ ರೆಡ್‌ಮನ್‌ನದು. ಹೆಂಡರ್ಸನ್ ತಂಡಕ್ಕೆ ಕಾರ್ಟರ್‌ಗಿಂತ ಮೊದಲು ಬರೆಯುತ್ತಿದ್ದವನು ಅವನೇ. 'ಬ್ಲೂ ಸ್ಟಾರ್', 'ಡೂಜಿ' ಕಾರ್ಟರನ ಸ್ವಂತದ್ದು. 'ಬ್ಲೂ ಸ್ಟಾರ್' ರಾತ್ರಿ ಕೇಳಬೇಕಾದದ್ದು. 'ಮಿಡ್‌ನೈಟ್ ಸನ್ ವಿಲ್ ನೆವರ್ ಸೆಟ್' ಕ್ವಿನ್ಸಿ ಜೋನ್ಸ್ ಮತ್ತು ಹೆನ್ರಿ ಸಾಲ್ವಡಾರ್ ರಚನೆ, ಎಲ್ಲರೂ ಹೊಗಳುತ್ತಾರೆ, ನನಗೆ ಸ್ವಲ್ಪ ಸಕ್ಕರೆ ಜಾಸ್ತಿ ಅನ್ನಿಸಿತು. ನೀವು ಒಪ್ಪಬೇಕಾಗಿಲ್ಲ.

1966ರಲ್ಲಿ ಕಾರ್ಟರ್ ಲಾಸ್ ಏಂಜಲೀಸಿನ ವಾದಕರನ್ನು ಕಟ್ಟಿಕೊಂಡು 'ಅಡಿಷನ್ಸ್ ಟು ಫರ್ದರ್ ಡೆಫಿನಿಷನ್ಸ್' ಮಾಡಿದ. ಚೆನ್ನಾಗಿದೆ, ಆದರೆ ಹಾಕಿನ್ಸ್ ಇಲ್ಲ. ಹಾಕಿನ್ಸ್ 1969ರ ಮೇ ತಿಂಗಳಲ್ಲಿ ಹೋಗಿಬಿಟ್ಟ. ಕಾರ್ಟರ್ ಅವನಿಗಿಂತ ಮೂವತ್ತನಾಲ್ಕು ವರ್ಷ ಹೆಚ್ಚು ಬದುಕಿದ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದ, 1974ರಲ್ಲಿ ಅಲ್ಲೇ ಗೌರವ ಡಾಕ್ಟರೇಟ್ ಪಡೆದ, 2003ರ ಜುಲೈನಲ್ಲಿ ತನ್ನ 95ನೇ ವಯಸ್ಸಿನಲ್ಲಿ ತೀರಿಕೊಂಡ. ಫಿಲ್ ವುಡ್ಸ್ ಹೋಗಿದ್ದು 2015ರಲ್ಲಿ.

ಕೇಳುವ ಮನಸ್ಸಾದರೆ ನೇರವಾಗಿ 1961ಕ್ಕೆ ಹೋಗಬೇಡಿ. ಮೊದಲು 1937ರ 'ಕ್ರೇಜಿ ರಿದಮ್', ಆ ಕೂಗು ಎಲ್ಲಿ ಬರುತ್ತೆ ಅಂತ ಗಮನವಿಟ್ಟು. ಆಮೇಲೆ 1939ರ 'ಬಾಡಿ ಅಂಡ್ ಸೋಲ್' ಎರಡು ಮೂರು ಸಲ, ಮೊದಲ ಸಾಲುಗಳು ಗುನುಗಲು ಬರುವವರೆಗೆ. ಆಮೇಲೆ 1961. ಒಟ್ಟು ಒಂದು ಗಂಟೆಯೂ ಆಗುವುದಿಲ್ಲ. ಹೆಡ್‌ಫೋನ್ ಇದ್ದರೆ ಒಳ್ಳೆಯದು, ಆದರೆ ಆಫೀಸಿನಲ್ಲಿ ಬೇಡ, ಕೆಲಸ ಕೆಡುತ್ತೆ.